ಎಂಟು ಹಲ್ಲು, ಹನ್ನೊಂದು ಹಲ್ಲು

ವೈಜನಾಥ ಆಕ್ಸಿಲರೇಟರನ್ನು ಪೂರ್ತಿ ತುಳಿದದ್ದು ಅದೇ ಮೊದಲು. ನಿಲಂಗಾದ ಕಡೆಗೆ ರಸ್ತೆ ನೇರವಾಗಿ ಬಿದ್ದುಕೊಂಡಿತ್ತು, ಕಣ್ಣಿಗೆ ಕಾಣುವಷ್ಟು ದೂರ ಒಂದು ಎಮ್ಮೆಯೂ ಅಡ್ಡ ಇರಲಿಲ್ಲ. ಹಳೆಯ ಕಾಂಟೆಸ್ಸಾ ಕಾರಿನ ಮೂತಿ ಮೇಲೆದ್ದಿತು, ಹಿಂದಿನ ಗಾಲಿಗಳು ಚೀರಿದವು, ಪಕ್ಕದಲ್ಲಿದ್ದ ತಂಗಿ ಶುಭಾಂಗಿಯ ಬೆನ್ನು ಸೀಟಿಗೆ ಒತ್ತಿಕೊಂಡಿತು. ಇಬ್ಬರೂ ಒಟ್ಟಿಗೇ ನಕ್ಕರು. ನಗು ಮುಗಿಯುವ ಮೊದಲೇ ಕಾರಿನ ಹಿಂಭಾಗದಲ್ಲಿ ಬಂಡೆ ಒಡೆದಂಥ ಸದ್ದಾಯಿತು. ಎಂಜಿನ್ ಕೂಗುತ್ತಲೇ ಇತ್ತು. ಕಾರು ಮಾತ್ರ ಅದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಉರುಳುತ್ತ ಹೋಗಿ ಒಂದು ಜಾಲಿ ಗಿಡದ ಬಳಿ ನಿಂತಿತು.

"ಏನ್ ಮುರೀತು?" ಎಂದು ಕೇಳಿದ ವೈಜನಾಥ.

"ಹಿಂದಿಂದು. ಗಾಲಿ ತಿರಗಸೋ ಕ್ರೌನ್-ಪಿನಿಯನ್ ಹಲ್ಲು ಹೋಗ್ಯಾವ. ಹಳೇ ಆಕ್ಸಲ್ ಈ ಎಂಜಿನ್ ತಡಕೊಳ್ಳಂಗಿಲ್ಲ ಅಂತ ನಾ ಹೇಳಿದ್ದೆ."

"ಹೇಳಿದ್ದಿ, ಖರೇ. ಆದ್ರ ಹ್ಯಾಂಗ ಎದ್ದಿತ್ತು ನೋಡ್ದಿಲ್ಲೋ?"

"ನೋಡ್ದೆ," ಎಂದಳು ಶುಭಾಂಗಿ. ಅವಳಿಗೂ ನಗು ತಡೆಯಲಾಗಲಿಲ್ಲ.

ಆ ಕಾರು ಅಣ್ಣ ತಂಗಿ ಇಬ್ಬರದೂ ಆಗಿತ್ತು. ವೈಜನಾಥನಿಗೆ ಉದಗೀರದಲ್ಲಿ ತೊಗರಿ ಬೇಳೆಯ ಗಿರಣಿ. ಶುಭಾಂಗಿ ಮದುವೆಯಾಗಿ ಉಮರ್ಗಾಕ್ಕೆ ಬಂದವಳು. ಗಂಡ ಗುರುಲಿಂಗನ ಕಿರಾಣಿ ಅಂಗಡಿಯ ಪಕ್ಕದಲ್ಲೇ ಹೆಂಗಸರಿಗೆ ಕಾರು ಕಲಿಸುವ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಕಾರು ಒಂದು ವಾರ ಅಣ್ಣನ ಮನೆಯಲ್ಲಿ, ಒಂದು ವಾರ ತಂಗಿಯ ಮನೆಯಲ್ಲಿ. ಕೈ ಬದಲಾಗುವುದು ನಡುವಿನ ನಿಲಂಗಾದಲ್ಲಿ, ಅಂಬಾದಾಸ ಮಿಸ್ತ್ರಿಯ ಗ್ಯಾರೇಜಿನ ಮುಂದೆ. ಎರಡು ವರ್ಷ ದುಡಿದು ಅದೇ ಗ್ಯಾರೇಜಿನಲ್ಲಿ ಅವರು ಕಾರಿನ ಸುಸ್ತಾದ ಎಂಜಿನ್ ತೆಗೆಸಿ, ಹೈದರಾಬಾದಿನಿಂದ ತಂದ ಆರು ಸಿಲಿಂಡರಿನ ಜಪಾನಿ ಎಂಜಿನ್ನನ್ನು ಅದರದೇ ಐದು ಗೇರಿನ ಬಾಕ್ಸಿನೊಂದಿಗೆ ಕೂಡಿಸಿದ್ದರು. ಆರ್‌ಟಿಓ ಕಚೇರಿಯ ಕಾಗದವೂ ಕೈಗೆ ಬಂದಾಗಿತ್ತು. ಆಗ ಮುರಿಯಿತು ಆಕ್ಸಲ್.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ನಿಲಂಗಾಕ್ಕೆ ಎಳೆತಂದರು. ಅಂಬಾದಾಸ ಕಾರಿನ ಕೆಳಗೆ ತೂರಿ, ಹೊರಗೆ ಬಂದು, ಅಂಗೈಯಲ್ಲಿದ್ದ ಮುರಿದ ಹಲ್ಲುಗಳನ್ನು ತೋರಿಸಿದ.

"ಇದರಾಗ ಇನ್ನ ಏನೂ ಉಳದಿಲ್ರಿ ಸಾವಕಾರ್ರ. ದೊಡ್ಡ ಜೀಪಿಂದು ಒಂದು ಆಕ್ಸಲ್ ಅದ ನನ್ನ ಬಲ್ಲಿ. ನಿಮ್ಮ ಕಾರಿನ ಅಗಲಕ್ಕ ಕೊಯ್ದು ಕೂಡಿಸ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುರಿಯಂಗಿಲ್ಲ. ಆದ್ರ ಅದಕ್ಕ ಎರಡು ಜೋಡಿ ಕ್ರೌನ್-ಪಿನಿಯನ್ ಅವ. ಯಾವ್ದು ಹಾಕ್ಲಿ, ನೀವೇ ಹೇಳ್ರಿ."

ಅವನು ಗೋಣಿಚೀಲದ ಮೇಲೆ ಎರಡೂ ಜೋಡಿಗಳನ್ನು ತಂದಿಟ್ಟ. ಕ್ರೌನ್ ಎಂಬ ದೊಡ್ಡ ಚಕ್ರ ಎರಡರಲ್ಲೂ ಒಂದೇ ಬಗೆ, ಮೂವತ್ತೊಂಬತ್ತು ಹಲ್ಲು. ಅದನ್ನು ತಿರುಗಿಸುವ ಪುಟ್ಟ ಪಿನಿಯನ್ ಮಾತ್ರ ಬೇರೆ: ಒಂದಕ್ಕೆ ಎಂಟು ಹಲ್ಲು, ಇನ್ನೊಂದಕ್ಕೆ ಹನ್ನೊಂದು. ಎಂಟರದು ಹಾಕಿದರೆ ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟು ಹತ್ತಿರ ಹತ್ತಿರ ಐದು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಹನ್ನೊಂದರದಾದರೆ ಮೂರೂವರೆ ಸುತ್ತು ಸಾಕು.

ವೈಜನಾಥ ಯೋಚಿಸಲೂ ಇಲ್ಲ. ಎಂಟರದನ್ನು ಎತ್ತಿ ಎದೆಗೆ ಹಿಡಿದುಕೊಂಡ. "ಇದು. ಗಿರಣ್ಯಾಗ ಮೋಟಾರಿಗಿ ಸಣ್ಣ ಪುಲ್ಲಿ ಹಾಕಿದ್ರ ಕಲ್ಲು ಹ್ಯಾಂಗ ಎಳೀತದ, ನಾ ದಿನಾ ನೋಡ್ತೀನಿ. ಜೋರ್ ಬೇಕಾದ್ರ ಸಣ್ಣದೇ ಬೇಕು."

"ಅಣ್ಣಾ, ಜೋರ್ ನಮ್ಮ ಬಲ್ಲಿ ಮೊದ್ಲೇ ಹೆಚ್ಚಿಗಿ ಅದ. ಗಾಲಿ ಅದನ್ನ ನೆಲಕ್ಕ ಮುಟ್ಟಸ್ಲಿಕ್ಕೇ ತಯಾರಿಲ್ಲ. ಎಂಟು ಹಾಕಿದ್ರ ನಿಂತಲ್ಲೇ ಟಯರ್ ಸುಡ್ತದ, ಅಷ್ಟೇ. ಹೈವೇದಾಗ ನೂರರಾಗ ಹೋದ್ರ ಎಂಜಿನ್ ಮೂರೂವರೆ ಸಾವಿರ ಸುತ್ತು ತಿರಗ್ತಿರ್ತದ. ಹನ್ನೊಂದಾದ್ರ ಎರಡೂವರೆ ಸಾವಿರ."

"ಹೈವೇ ನಿನಗ. ನನಗ ಮೇ ತಿಂಗಳ ಕೊನೀ ರವಿವಾರ ಅದ."

ಮೇ ತಿಂಗಳ ಕೊನೆಯ ಭಾನುವಾರದ ಮಾತೇ ಬೇರೆ. ಸೋಲಾಪುರದ ಆಚೆ ಬಳಕೆ ತಪ್ಪಿದ ಒಂದು ಖಾಸಗಿ ವಿಮಾನಪಟ್ಟಿಯ ಮೇಲೆ ಕಾರುಗಳ ಪಾವು ಮೈಲಿ, ಅಂದರೆ ಕಾಲು ಮೈಲಿ ನೇರ ಓಟ ಇತ್ತು. ಅದರಲ್ಲಿ ರಸ್ತೆ ಕಾರುಗಳದೇ ಒಂದು ವರ್ಗ. ಆ ವರ್ಗದ ಕಾರು ಮನೆಯಿಂದ ತನ್ನ ಗಾಲಿಯ ಮೇಲೇ ಓಡಿಕೊಂಡು ಬರಬೇಕು, ರಸ್ತೆಯ ಟಯರಿನ ಮೇಲೇ ಓಡಬೇಕು. ಒಂದೇ ಕಾರಿಗೆ ಇಬ್ಬರ ಹೆಸರೂ ಕೊಟ್ಟಾಗಿತ್ತು; ಯಾವ ಸುತ್ತಿಗೆ ಯಾರು ಬೇಕಾದರೂ ಕೂರಬಹುದಿತ್ತು.

"ನೀವ್ ಏನಂತೀರಿ?" ಎಂದು ಶುಭಾಂಗಿ ಮಿಸ್ತ್ರಿಯನ್ನು ಕೇಳಿದಳು.

"ಪಾವು ಮೈಲಿ ಅಂದ್ರ ಎಂಟೇ ಅಂತೀನ್ರಿ ಅಕ್ಕಾರ. ನಾನೂ ಅದೇ ಹಾಕ್ತಿದ್ದೆ."

ಎರಡು ಮತ ಒಂದು ಕಡೆ ಬಿದ್ದವು. ವೈಜನಾಥ ಗೆದ್ದವನಂತೆ ನಿಂತ. ಶುಭಾಂಗಿ ಹನ್ನೊಂದರದನ್ನು ಕೈಗೆತ್ತಿಕೊಂಡು, "ಮೊದ್ಲ ನಿಂದು ಹಾಕೋಣ. ಆಮ್ಯಾಲ ನಂದು. ಎರಡೂ ಓಡ್ಸಿ ನೋಡಿ ಜಗಳಾಡೋಣ," ಎಂದಳು. ಅದಕ್ಕೆ ಯಾರೂ ಇಲ್ಲವೆನ್ನಲಿಲ್ಲ.

ಅಂಬಾದಾಸ ಎರಡೂ ಜೋಡಿಗಳನ್ನು ಬೇರೆ ಬೇರೆ ಕಬ್ಬಿಣದ ಗೂಡಿನಲ್ಲಿ ಕೂಡಿಸಿಟ್ಟ, ಬೇಕಾದಾಗ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಲಿಕ್ಕೆ ಬರುವಂತೆ. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಹಲ್ಲುಗಳಿಗೆ ಸವರಿ, ತಿರುಗಿಸಿ, ಎಲ್ಲಿ ಒರೆಸಿಹೋಗಿದೆ ಎಂದು ನೋಡುತ್ತ ಕುಳಿತ. ಪ್ರತಿ ಹಲ್ಲಿನ ನಟ್ಟನಡುವೆಯೇ ಗುರುತು ಬೀಳುವವರೆಗೆ ಬಿಡಲಿಲ್ಲ.

ಉಮರ್ಗಾದ ಹತ್ತಿರದ ಮುರುಮ ಎಂಬ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದಿತ್ತು. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಒಳಗಿನ ಕಾಂಕ್ರೀಟ್ ರಸ್ತೆ ಒಂದು ಕಿಲೋಮೀಟರಿಗಿಂತ ಉದ್ದ, ಈಗ ಪೂರ್ತಿ ಖಾಲಿ. ಶುಭಾಂಗಿ ತನ್ನ ವಿದ್ಯಾರ್ಥಿನಿಯರಿಗೆ ಬೇಸಿಗೆಯಲ್ಲಿ ಅಲ್ಲೇ ಕಾರು ಕಲಿಸುತ್ತಿದ್ದಳು, ಮ್ಯಾನೇಜರರ ಪರವಾನಗಿ ಮೊದಲೇ ಇತ್ತು. ಎಂಟರದು ಹಾಕಿದ ಕಾರು ಬಂದ ಬೆಳಿಗ್ಗೆ ಗೇಟಿನ ಕಾವಲುಗಾರ ನಾಗಣ್ಣ ಬಾಗಿಲು ತೆರೆದು, ಒಳಗೆ ಓಡಾಡುತ್ತಿದ್ದ ನಾಯಿಗಳನ್ನು ಓಡಿಸಿ, ತಾನೂ ಒಂದು ಕಟ್ಟೆ ಹಿಡಿದು ಕುಳಿತ. ಗುರುಲಿಂಗ ಸುಣ್ಣದ ಪುಡಿಯಿಂದ ಪಾವು ಮೈಲಿ ಅಂತರದಲ್ಲಿ ಎರಡು ಗೆರೆ ಎಳೆದು, ದೂರದ ಗೆರೆಯ ಹತ್ತಿರ ಮೊಬೈಲು ಹಿಡಿದು ನಿಂತ.

ವೈಜನಾಥ ಕ್ಲಚ್ ಬಿಟ್ಟ. ಗಾಲಿಗಳು ಹೊಗೆಯೆಬ್ಬಿಸಿ ಜಾರಿ, ಮತ್ತೆ ನೆಲ ಹಿಡಿದು, ಕಾರನ್ನು ಮುಂದಕ್ಕೆ ಎಸೆದವು. ಮೊದಲ ಗೇರು ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಎರಡನೆಯದು, ಮೂರನೆಯದು, ಅದೂ ಮುಗಿದು ನಾಲ್ಕನೆಯದು. ಪ್ರತಿ ಸಲವೂ ಬೆನ್ನಿಗೆ ಒಂದು ಗುದ್ದು. ಗೆರೆ ದಾಟಿ ಬ್ರೇಕು ಹಾಕಿ ಹಿಂತಿರುಗಿ ಬಂದಾಗ ಅವನ ಮುಖ ಕೆಂಪಾಗಿತ್ತು.

"ಹದಿನೈದು ಸೆಕೆಂಡ್, ಮ್ಯಾಲ ಜರಾ," ಎಂದ ಗುರುಲಿಂಗ.

ಶುಭಾಂಗಿಯೂ ಓಡಿಸಿದಳು. ಅವಳದೂ ಅಷ್ಟೇ. ನಾಗಣ್ಣ ಕಟ್ಟೆಯಿಂದ ಎದ್ದು ಬಂದು ಬಿಸಿ ಟಯರು ಮುಟ್ಟಿ ನೋಡಿದ.

"ಹ್ಯಾಂಗದ?" ಎಂದ ವೈಜನಾಥ.

"ಮಸ್ತ ಅದ," ಎಂದಳು ಅವಳು. ಸುಳ್ಳು ಹೇಳುವಂತಿರಲಿಲ್ಲ. "ಆದ್ರ ಮೂರು ಸಲ ಗೇರ್ ಬದಲಿ ಮಾಡಬೇಕಾತು. ಕೊನೀಗಿ ಗೆರೀ ಮುಂದ ಇರುವಾಗ ಮತ್ತ ಒಮ್ಮೆ ಕ್ಲಚ್ ತುಳ್ದೆ."

"ತುಳ್ದ್ರ ಏನಾತು?"

"ತುಳ್ದಾಗೆಲ್ಲಾ ಎಂಜಿನ್ ಕಾರನ್ನ ಎಳಿಯಂಗಿಲ್ಲ. ಹಂಗೇ ತೇಲ್ತದ."

ವೈಜನಾಥ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರ ಕಾರು ಅವನದು. ಎಂಟರ ಪಿನಿಯನ್ ಹೊತ್ತುಕೊಂಡೇ ಅದು ಉದಗೀರಕ್ಕೆ ಹೋಯಿತು.

ಮುಂದಿನ ಭಾನುವಾರ ಅವನು ತಾಯಿ ಶಿವಗಂಗಾಬಾಯಿಯನ್ನೂ ಎರಡು ಬುಟ್ಟಿ ಮಾವಿನಹಣ್ಣನ್ನೂ ಕೂರಿಸಿಕೊಂಡು ಉಮರ್ಗಾಕ್ಕೆ ಬಂದ. ಮಗಳ ಮನೆಯಲ್ಲಿ ಸೀಕರಣಿ ಮಾಡಿ ಉಣ್ಣುವ ಏರ್ಪಾಡು. ತಾಯಿ ಕಾರಿನಿಂದ ಇಳಿದವಳೇ, ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಓಣಿಯೆಲ್ಲ ಕೇಳುವ ಹಾಗೆ, "ಶುಭಾ, ಆರಾಮ ಇದ್ದಿಯೇನಬೇ?" ಎಂದು ಕೂಗಿದಳು. ಎದುರು ಮನೆಯವರು ಹೊರಗೆ ಬಂದರು.

"ಯವ್ವಾ, ಯಾಕ ಒದರ್ಲತ್ತಿ? ನಾ ಇಲ್ಲೇ ಇದ್ದೀನಿ."

"ಏನಂದಿ?"

ವೈಜನಾಥ ಬುಟ್ಟಿ ಇಳಿಸುತ್ತ, ತಂಗಿಯ ಕಡೆ ನೋಡದೆ, "ನೂರರ ಮ್ಯಾಲ ಹೋದ್ರ ಎಂಜಿನ್ ಜರಾ ಮಾತಾಡ್ತದ," ಎಂದ.

"ಅದೊಂದೇ ಮಾತಾಡ್ತದ," ಎಂದಳು ತಾಯಿ, ಈಗ ಸ್ವಲ್ಪ ತಗ್ಗಿದ ದನಿಯಲ್ಲಿ. "ನಾ ಲೋಹಾರಾದ ಬೀಗರ ಸುದ್ದಿ ಹೇಳಬೇಕಂತ ಉದಗೀರದಾಗ ಬಾಯಿ ತೆಗ್ದೀನಿ. ನಿಲಂಗಾ ಬಂದ್ರೂ ಇಂವಾ 'ಏನು, ಏನು' ಅನ್ನಲತ್ಯಾನ. ನಿಲಂಗಾ ದಾಟಿದ ಮ್ಯಾಲ ಬಿಟ್ಟೇಬಿಟ್ಟೆ."

ಸೀಕರಣಿ ಉಂಡು ಕೈತೊಳೆಯುವಾಗ ವೈಜನಾಥ ತಾನಾಗಿಯೇ ಮಾತು ತೆಗೆದ. "ನಿಂದೂ ಹಾಕಿ ನೋಡೋಣ ನಡಿ. ಹಾಕಿ ನೋಡಿದ್ರ ಏನ್ ಹೋಗ್ತದ." ಸೋತೆನೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮರುದಿನವೇ ಕಾರು ಅಂಬಾದಾಸನ ಗ್ಯಾರೇಜಿನಲ್ಲಿತ್ತು.

ಹನ್ನೊಂದರದು ಕೂತ ಮೇಲೆ ಮತ್ತೆ ಮುರುಮ, ಅದೇ ರಸ್ತೆ. ಈ ಸಲ ಅಂಬಾದಾಸನೂ ಗ್ಯಾರೇಜು ಮುಚ್ಚಿ ಬಂದಿದ್ದ. ಮೊದಲು ವೈಜನಾಥನೇ ಕೂತ. ಹಿಂದಿನ ಸಲ ಮಾಡಿದ ಹಾಗೆಯೇ ಕ್ಲಚ್ ಬಿಟ್ಟ. ಕಾರು ಜಾರಲಿಲ್ಲ, ಹೊಗೆಯೆಬ್ಬಿಸಲಿಲ್ಲ; ಒಮ್ಮೆ ಮುಗ್ಗರಿಸಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗುರುಗುಟ್ಟಿ, ಆಮೇಲೆ ಹೊರಟಿತು. ಗುರುಲಿಂಗ ಹೇಳಿದ ಸಮಯ ಕೇಳಿ ಅಂಬಾದಾಸ ತಲೆ ಕೆಳಗೆ ಹಾಕಿದ. ಎಂಟರದಕ್ಕಿಂತ ಎಷ್ಟೋ ನಿಧಾನ.

"ನಿದ್ದಿ ಹತ್ತೇದ ಇದಕ್ಕ," ಎಂದು ವೈಜನಾಥ ಬಾಗಿಲು ತೆರೆದು ಇಳಿದ. "ನೋಡ್ದಿಲ್ಲೋ? ನಾ ಹೇಳಿದ್ದು ಇದೇ."

ಶುಭಾಂಗಿ ಒಳಗೆ ಕೂತು ಸೀಟು ಮುಂದಕ್ಕೆ ಎಳೆದುಕೊಂಡಳು. ಲೆಕ್ಕ ಅವಳ ತಲೆಯಲ್ಲಿ ಸರಿಯಾಗಿಯೇ ಇತ್ತು, ಆದರೆ ಲೆಕ್ಕ ಕಾರು ಓಡಿಸುವುದಿಲ್ಲ. ಎಂಟರದಕ್ಕೆ ಎಷ್ಟು ಎಂಜಿನ್ ಕೊಟ್ಟರೆ ಸಾಕಾಗುತ್ತಿತ್ತೋ ಅಷ್ಟು ಇದಕ್ಕೆ ಸಾಲದು ಎಂದು ಅಣ್ಣ ಮುಗ್ಗರಿಸಿದಾಗಲೇ ಅವಳಿಗೆ ಹೊಳೆದಿತ್ತು. ಎಂಜಿನ್ನನ್ನು ಇನ್ನಷ್ಟು ಏರಿಸಿ ಹಿಡಿದಳು. ಕ್ಲಚ್ಚನ್ನು ಒಮ್ಮೆಲೇ ಬಿಡದೆ, ಹೊಸದಾಗಿ ಕಲಿಯುವವರಿಗೆ ಏರುದಾರಿಯಲ್ಲಿ ಹೇಳಿಕೊಡುವಂತೆ, ಅದು ಎಂಜಿನ್ನನ್ನು ಕಚ್ಚುವ ಜಾಗದಲ್ಲಿ ಒಂದು ಕ್ಷಣ ಹಿಡಿದು ಬಿಟ್ಟಳು.

ಗಾಲಿ ಚೂರೇ ಚೂರು ಜಾರಿ ನೆಲ ಹಿಡಿಯಿತು. ಕಾರು ಹಾರಿಹೋಯಿತು. ಮೊದಲ ಗೇರು ಇನ್ನೂ ಎಳೆಯುತ್ತಿತ್ತು, ಇನ್ನೂ, ಇನ್ನೂ. ಎರಡನೆಯದಕ್ಕೆ ಹಾಕಿದಾಗ ತಳ್ಳು ನಿಲ್ಲಲೇ ಇಲ್ಲ. ಮೂರನೆಯದು. ಕಾರ್ಖಾನೆಯ ಗೋದಾಮುಗಳು ಒಂದು ಗೋಡೆಯಾಗಿ ಹಿಂದೆ ಓಡಿದವು. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಕೆಂಪು ಗುರುತಿನ ಕಡೆ ಏರುತ್ತಿತ್ತು. ಇನ್ನೇನು ನಾಲ್ಕನೆಯದಕ್ಕೆ ಹಾಕಬೇಕು ಎಂದು ಅವಳ ಎಡಗಾಲು ಏಳುವಷ್ಟರಲ್ಲಿ ಬಿಳಿಯ ಗೆರೆ ಗಾಲಿಯ ಕೆಳಗೆ ಸರಿದುಹೋಯಿತು. ಮೂರನೆಯ ಗೇರಿನಲ್ಲೇ ಮುಗಿದಿತ್ತು. ಕಾರು ನಿಂತ ಮೇಲೂ ಅವಳು ಸ್ಟೀರಿಂಗ್ ಹಿಡಿದುಕೊಂಡೇ ಇದ್ದಳು.

ಗುರುಲಿಂಗ ಓಡುತ್ತ ಬಂದ. ಓಡುವ ಮೈಕಟ್ಟು ಅವನದಲ್ಲ, ಅದಕ್ಕೇ ಸಮಯ ಚೆನ್ನಾಗಿ ಬಂದಿದೆಯೆಂದು ಅವಳಿಗೆ ಗೊತ್ತಾಯಿತು.

"ಹದಿನಾಲ್ಕೂವರಿ," ಎಂದ ಏದುಸಿರು ಬಿಡುತ್ತ. "ನಾ ಬರೋಬ್ಬರ ಒತ್ತೀನಿ. ಹದಿನಾಲ್ಕೂವರಿ."

ವೈಜನಾಥ ಮೊಬೈಲು ಕಸಿದುಕೊಂಡು ನೋಡಿದ. ಅಂಬಾದಾಸನ ಕೈಗೆ ಕೊಟ್ಟ. ಮತ್ತೆ ತಾನೇ ತೆಗೆದುಕೊಂಡು ನೋಡಿದ.

"ಮತ್ತೊಮ್ಮೆ ಓಡ್ಸು."

ಓಡಿಸಿದಳು. ಅಷ್ಟೇ ಬಂತು.

"ಎಂಟರಕ್ಕಿಂತ ಅರ್ಧ ಸೆಕೆಂಡಿಗೂ ಹೆಚ್ಚಿಗಿ ಮುಂದ್ರಿ," ಎಂದ ಅಂಬಾದಾಸ ಮೆಲ್ಲಗೆ. "ಒಂದ್ ಗೇರ್ ಬದಲಿ ಕಮ್ಮಿ. ಟಯರೂ ಸುಡವಲ್ದು. ನಾ ತಪ್ಪ ಹೇಳಿದ್ದೆ ಅಕ್ಕಾರ."

"ನೀವೊಬ್ರೇ ಏನ್ ಹೇಳಿಲ್ಲ," ಎಂದ ವೈಜನಾಥ. ಅಲ್ಲಿಂದ ಅವನನ್ನು ಹಿಡಿಯುವವರಿಲ್ಲವಾಯಿತು. ತಂಗಿಯನ್ನು ಪಕ್ಕದ ಸೀಟಿಗೆ ದಬ್ಬಿ ತಾನು ಕೂತ. ಕಾಲು ಎಲ್ಲಿಡಬೇಕು, ಎಷ್ಟು ಏರಿಸಬೇಕು, ಯಾವಾಗ ಬಿಡಬೇಕು ಎಂದು ಪ್ರತಿ ಸಲವೂ ಕೇಳಿದ. ಎರಡು ಸಲ ಮುಗ್ಗರಿಸಿದ, ಒಮ್ಮೆ ಟಯರು ಸುಟ್ಟ. ಆಮೇಲೆ ಹಿಡಿತ ಸಿಕ್ಕಿತು. ಮೂರನೆಯ ಗೇರಿನಲ್ಲಿ ಮೊದಲ ಸಲ ಗೆರೆ ದಾಟಿದಾಗ ಅವನು ಹಾಡಿನಂಥ ಏನನ್ನೋ ಗುನುಗುತ್ತಿದ್ದ. ಯಾವ ಹಾಡೆಂದು ಅವನಿಗೂ ಗೊತ್ತಿರಲಿಲ್ಲ. ಬಿಸಿಲು ತಲೆಗೇರಿ, ಟ್ಯಾಂಕಿನಲ್ಲಿ ಪೆಟ್ರೋಲು ತಳ ಕಂಡಾಗಲೇ ಅವರು ನಿಲ್ಲಿಸಿದ್ದು.

ಮೇ ಕೊನೆಯ ಭಾನುವಾರ ಕತ್ತಲು ಹರಿಯುವ ಮುನ್ನವೇ ಕಾಂಟೆಸ್ಸಾ ಉಮರ್ಗಾ ಬಿಟ್ಟಿತು. ಹಿಂದಿನ ಸೀಟಿನಲ್ಲಿ ಗುರುಲಿಂಗನ ಜೊತೆ ಶಿವಗಂಗಾಬಾಯಿಯೂ ಇದ್ದಳು. ನನ್ನನ್ನು ಬಿಟ್ಟು ಹೋದರೆ ಬಸ್ಸು ಹಿಡಿದು ಬರುತ್ತೇನೆ ಎಂದು ಅವಳು ಹೆದರಿಸಿದ್ದಳು. ಹೊರಡುವ ಮೊದಲು ಬಾನೆಟ್ಟಿಗೆ ವಿಭೂತಿಯ ಮೂರು ಬೆರಳು ಎಳೆದವಳೂ ಅವಳೇ.

ವಿಮಾನಪಟ್ಟಿಯಲ್ಲಿ ಆಗಲೇ ಜಾತ್ರೆಯಷ್ಟು ಜನ. ಪುಣೆ, ಹೈದರಾಬಾದ್, ಕಲಬುರಗಿ ಎಲ್ಲೆಲ್ಲಿಂದಲೋ ಬಂದ ಕಾರುಗಳು. ಬಣ್ಣ ಮಾಸಿದ, ಚೌಕು ಮೂತಿಯ ಹಳೆಯ ಕಾರು ಸಾಲಿಗೆ ಬಂದು ನಿಂತಾಗ ಕೆಲವರು ಮೊಬೈಲು ಎತ್ತಿ ಫೋಟೋ ಹಿಡಿದರು, ಅಜ್ಜನ ಕಾರು ನೋಡಿದಂತೆ.

ಮೊದಲ ಸುತ್ತು ವೈಜನಾಥನದು. ಪಕ್ಕದ ಸಾಲಿನಲ್ಲಿ ಕಲಬುರಗಿಯ ಒಂದು ನೀಲಿ ಕಾರು. ಕೆಂಪು ದೀಪ ಹೋಗಿ ಹಸಿರು ಬಂತು. ಶುಭಾಂಗಿ ಬೇಲಿಯ ಹಗ್ಗ ಹಿಡಿದು ಅಣ್ಣನ ಬದಲು ತಾನೇ ಕ್ಲಚ್ ಬಿಡುವವಳಂತೆ ಕಾಲು ಒತ್ತಿದಳು. ಅವನು ಸರಿಯಾಗಿಯೇ ಬಿಟ್ಟಿದ್ದ. ಅರ್ಧ ದಾರಿಯವರೆಗೆ ಎರಡೂ ಕಾರು ಸಮಸಮ. ಅಲ್ಲಿ ನೀಲಿ ಕಾರು ಗೇರು ಬದಲಿಸಲು ಒಂದು ಕ್ಷಣ ತಡೆಯಿತು. ಕಾಂಟೆಸ್ಸಾ ತಡೆಯಲಿಲ್ಲ. ಮೂರನೆಯ ಗೇರಿನಲ್ಲಿ ಗುಡುಗುತ್ತ ಒಂದು ಕಾರಿನಷ್ಟು ಮುಂದೆ ಗೆರೆ ದಾಟಿತು. ಗುರುಲಿಂಗ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮನುಷ್ಯನನ್ನು ಅಪ್ಪಿಕೊಂಡ.

ಎರಡನೆಯ ಸುತ್ತನ್ನು ಶುಭಾಂಗಿ ಗೆದ್ದಳು. ಮೂರನೆಯದನ್ನೂ ಗೆದ್ದಳು. ಕೊನೆಯ ಸುತ್ತಿಗೆ ಯಾರು ಕೂರಬೇಕು ಎಂಬ ಮಾತು ಬಂದಾಗ ವೈಜನಾಥ ಹೆಲ್ಮೆಟ್ಟನ್ನು ತಂಗಿಯ ಕೈಗೆ ತುರುಕಿ ದೂರ ಸರಿದ. "ನೀ ಹೋಗು. ಕ್ಲಚ್ ಬಿಡೋದು ನಿನಗೇ ಬರೋಬ್ಬರ ಬರ್ತದ."

ಎದುರಾಳಿ ಪುಣೆಯ ಬಿಳಿ ವಿದೇಶಿ ಕಾರು. ಹಸಿರು ದೀಪ ಬಿತ್ತು. ಶುಭಾಂಗಿ ಆ ದಿನದ ತನ್ನ ಅತ್ಯುತ್ತಮ ಓಟ ಓಡಿದಳು. ಮುಗ್ಗರಿಸಲಿಲ್ಲ, ಜಾರಲಿಲ್ಲ, ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು. ಬಿಳಿ ಕಾರು ಅರ್ಧ ಬಾನೆಟ್ಟಿನಷ್ಟು ಮುಂದಿತ್ತು, ಅದು ಹಾಗೆಯೇ ಉಳಿಯಿತು. ಆದರೆ ಹಲಗೆಯ ಮೇಲೆ ಅವಳ ಸಮಯ ಮಿನುಗಿದಾಗ ಸೋತದ್ದು ಅವಳಿಗೆ ನೆನಪೇ ಬರಲಿಲ್ಲ. ಹದಿನಾಲ್ಕು ಸೆಕೆಂಡಿಗೆ ಕೂದಲೆಳೆಯಷ್ಟು ಕಡಿಮೆ. ಮುರುಮದಲ್ಲಿ ಇಷ್ಟು ಯಾವತ್ತೂ ಬಂದಿರಲಿಲ್ಲ.

ಗೆದ್ದ ಯುವಕ ಹೆಲ್ಮೆಟ್ ತೆಗೆದು ನೇರ ಅವರ ಕಾರಿನ ಹತ್ತಿರ ಬಂದು, ಕೂತು, ಕೆಳಗೆ ಬಗ್ಗಿ ನೋಡಿದ. ಹಿಂದಿನ ಆಕ್ಸಲಿಗೆ ಯಾವ ರೇಷಿಯೋ, ಎಷ್ಟು ಹಲ್ಲಿನ ಜೋಡಿ ಹಾಕಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದ. ತನ್ನ ಕಾರಿನ ಅರ್ಧದಷ್ಟೂ ಬೆಲೆಯಿಲ್ಲದ ಈ ಕಾರು ಕೊನೆಯವರೆಗೆ ಕನ್ನಡಿಯಿಂದ ಸರಿಯಲೇ ಇಲ್ಲ ಎಂದ.

ಶುಭಾಂಗಿ ಬಾಯಿ ತೆರೆಯುವ ಮೊದಲೇ ವೈಜನಾಥ ಎದೆಯುಬ್ಬಿಸಿ ಹನ್ನೊಂದರ ಪಿನಿಯನ್ನಿನ ಗುಣಗಳನ್ನು ಬಣ್ಣಿಸತೊಡಗಿದ. ಗಾಲಿ ನೆಲ ಹಿಡಿಯುವುದು, ಒಂದು ಗೇರು ಬದಲಿ ಉಳಿಯುವುದು, ಹೈವೇಯಲ್ಲಿ ಎಂಜಿನ್ ಶಾಂತವಾಗಿರುವುದು. ಜನ ಕಡಿಮೆ ಹಲ್ಲಿನದೇ ಜೋರು ಎಂದು ಸುಮ್ಮನೆ ತಿಳಿದಿರುತ್ತಾರೆ, ತಾವು ಮಾತ್ರ ಬಹಳ ವಿಚಾರ ಮಾಡಿ ಆರಿಸಿದೆವು ಎಂದ.

ಯುವಕ ಹೋದ ಮೇಲೆ ಶುಭಾಂಗಿ ಅಣ್ಣನನ್ನು ನೋಡಿದಳು. "ಆರಿಸ್ದೆವಾ?"

"ಇಬ್ರೂ ಕೂಡೇ ಆರಿಸೀವಲ್ಲ," ಎಂದ ವೈಜನಾಥ, ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲದೆ. ಅವಳು ನಗುತ್ತ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಮಧ್ಯಾಹ್ನ ಓಟಗಳೆಲ್ಲ ಮುಗಿದ ಮೇಲೆ, ಬೇಕಾದವರು ತಮ್ಮ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬಹುದು ಎಂದು ಮೈಕಿನಲ್ಲಿ ಹೇಳಿದರು. ಗುರುಲಿಂಗ ತಕ್ಷಣ ಚಹಾದ ಅಂಗಡಿಯ ಕಡೆ ನಡೆದುಬಿಟ್ಟ. ಕೊಡೆಯ ನೆರಳಿನಲ್ಲಿದ್ದ ಶಿವಗಂಗಾಬಾಯಿ ಎದ್ದು ಬಂದಳು. ಸೆರಗಿನ ಮೇಲೇ ಹೆಲ್ಮೆಟ್ ಹಾಕಿಸಿಕೊಂಡು, ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟನ್ನು ತಾನೇ ಎಳೆದು ಕಟ್ಟಿಕೊಂಡಳು.

"ಯವ್ವಾ, ಅಂಜಿಕಿ ಆದ್ರ ಕೈ ಮಾಡು, ನಿಲ್ಲಸ್ತೀನಿ," ಎಂದಳು ಶುಭಾಂಗಿ.

"ನೀ ಮುಂದ ನೋಡು," ಎಂದಳು ತಾಯಿ.

ಹಸಿರು ದೀಪ ಬಂತು. ಶುಭಾಂಗಿ ಕ್ಲಚ್ ಬಿಟ್ಟಳು. ತಾಯಿಯ ಬಾಯಿಂದ ಒಂದು ಸದ್ದೂ ಬರಲಿಲ್ಲ, ಮೊದಲ ಗೇರಿನಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಶುಭಾಂಗಿ ಓರೆಗಣ್ಣಲ್ಲಿ ನೋಡಿದಾಗ ಅವಳ ಎರಡೂ ಕೈ ಮಡಿಲಲ್ಲಿದ್ದವು, ಕಣ್ಣು ಗೆರೆಯ ಮೇಲಿತ್ತು. ಕಾರು ನಿಂತ ಮೇಲೆ ಹೆಲ್ಮೆಟ್ಟಿನ ಒಳಗಿನಿಂದ ಅವಳ ದನಿ ಕೇಳಿತು.

"ತಿರಗಸು. ಮತ್ತೊಮ್ಮಿ ಹೋಗೋಣ."